ಮರೆಯಲು ಕಲಿಸಿದವಳು

"ಹುಟ್ಟಿದಾಗಿಂದ ಇವನು ಹೀಗೇ ಇದ್ನಂತೆ! ಮಂದಬುದ್ಧಿಯಂತೆ! ಯಾರು... ನನ್ನ ಮಗ? ನನ್ನ ಲಾವೆಲ್?"

ಎರ್ಲೀನ್ ಪ್ರೂಯಿಟ್ ಆ ಕಾಗದವನ್ನು ಊಟದ ಮೇಜಿಗೆ ಬಡಿದ ರಭಸಕ್ಕೆ ಬಟ್ಟಲಿನಲ್ಲಿದ್ದ ಸೊಪ್ಪಿನ ರಸ ತುಳುಕಿ ಮೇಜುಬಟ್ಟೆಯ ಮೇಲೆಲ್ಲ ಹರಿಯಿತು. ಭಾನುವಾರದ ಮಧ್ಯಾಹ್ನ. ಆಕೆ ಮೌಂಟ್ ನೀಬೋ ಚರ್ಚಿನಿಂದ ನೇರವಾಗಿ ಮಗನ ಮನೆಗೆ ಬಂದಿದ್ದಳು. ಮೈಮೇಲೆ ಚರ್ಚಿನ ಹಿರಿಯ ತಾಯಂದಿರು ತೊಡುವ ಬಿಳಿ ಉಡುಪು, ತಲೆಯ ಮೇಲೆ ಬಿಳಿ ಹ್ಯಾಟು. ಅದನ್ನು ತೆಗೆದಿಡುವಷ್ಟು ವ್ಯವಧಾನವೂ ಆಕೆಗೆ ಇರಲಿಲ್ಲ. ಒಲೆಯ ಮುಂದೆ ಸೊಸೆ ರೊನೀಟಾ ಮೆಕ್ಕೆಜೋಳದ ಬ್ರೆಡ್ಡಿನ ಬಿಸಿ ಬಾಣಲೆ ಹಿಡಿದು ನಿಂತಲ್ಲೇ ನಿಂತಿದ್ದಳು. ಹದಿನೇಳರ ಮೊಮ್ಮಗಳು ಇಮಾನಿ ಒಮ್ಮೆ ಅಜ್ಜಿಯ ಮುಖ, ಒಮ್ಮೆ ತಾಯಿಯ ಮುಖ ನೋಡುತ್ತ ಕೂತಿದ್ದಳು.

ಮೇಜಿನ ಆ ತುದಿಯಲ್ಲಿ ಲಾವೆಲ್. ಒಂದು ಕಾಲದಲ್ಲಿ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದರೆ ಅವನನ್ನು ಕೆಡವಲು ಮೂರು ಜನ ಬೇಕಾಗುತ್ತಿತ್ತು. ಈಗ ನಲವತ್ತು ವರ್ಷ. ಕೋಳಿಯ ತುಂಡನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತ ಕೂತಿದ್ದವನು ತಲೆಯೆತ್ತಿ ಕೇಳಿದ: "ಅಮ್ಮ, ಯಾರ ವಿಷ್ಯ ಮಾತಾಡ್ತಿದೀಯಾ? ಪಾಪ, ಅವರನ್ನೂ ಊಟಕ್ಕೆ ಕರಿ."

ಎರ್ಲೀನ್ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. "ನೀನು ಊಟ ಮಾಡು ಮಗನೇ... ಯಾರೂ ಇಲ್ಲ, ನೀನು ಊಟ ಮಾಡು," ಎಂದಳು. ಮರುಕ್ಷಣವೇ ಸೊಸೆಯ ಕಡೆ ತಿರುಗಿದಳು. "ಏನೇ ಮಹಾರಾಣಿ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಏಳು ವರ್ಷ ಅವನನ್ನ ಓಡಿಸಿ ಓಡಿಸಿ ಈಜುಕೊಳದ ಮನೆ ಕಟ್ಟಿಸ್ಕೊಂಡಾಗ ಬಾಯಿ ಇತ್ತಲ್ಲ? ಈಗ ಅವನನ್ನ ದಡ್ಡ ಅಂತ ಬರೆದು ಕಳಿಸಿದಾರೆ, ಒಂದ್ ಮಾತೂ ಇಲ್ವಾ?"

ಈಜುಕೊಳದ ಮನೆ ಮಾರಿ ಹತ್ತು ವರ್ಷ ಕಳೆದಿತ್ತು; ಈಗ ಇದ್ದದ್ದು ದಕ್ಷಿಣ ಜಾರ್ಜಿಯಾದ ಈ ಪೆಲ್ಟನ್ ಊರಿನ ತುದಿಯಲ್ಲಿ ಮೂರು ಕೋಣೆಯ ಇಟ್ಟಿಗೆ ಮನೆ. ಆದರೂ ಆ ಈಜುಕೊಳ ಮಾತ್ರ ಅತ್ತೆಯ ನಾಲಗೆಯಿಂದ ಬತ್ತಿರಲಿಲ್ಲ. ಸವಾನಾ ಪಟ್ಟಣದಲ್ಲಿ ತಲೆಗೂದಲು ಹೆಣೆಯುವವಳ ಮಗಳು ಎಂದು ಮೊದಲ ದಿನದಿಂದಲೇ ಎರ್ಲೀನ್‌ಗೆ ಸೊಸೆಯ ಮೇಲೆ ಒಂದು ಅಸಡ್ಡೆ. ಹದಿನೆಂಟು ವರ್ಷದ ಸಂಸಾರದಲ್ಲಿ ರೊನೀಟಾ ಅತ್ತೆಯನ್ನು 'ಅಮ್ಮ' ಎಂದು ಕರೆದದ್ದಿಲ್ಲ. 'ಮಿಸ್ ಎರ್ಲೀನ್' ಎಂದೇ ಕರೆಯುತ್ತಿದ್ದಳು. ಅತ್ತೆಯೂ ಅದಕ್ಕಿಂತ ಹೆಚ್ಚು ಬಯಸಿದವಳಲ್ಲ.

ಕಾಗದ ಬಂದಿದ್ದು ಅಟ್ಲಾಂಟಾದಿಂದ. ನಿವೃತ್ತ ಆಟಗಾರರ ಆರೈಕೆಗೆಂದು ಇರುವ ಯೋಜನೆಯ ಡಾಕ್ಟರು ಕಳಿಸಿದ್ದು. ಆಟದಲ್ಲಿ ಬಿದ್ದ ಪೆಟ್ಟಿನಿಂದ ಬುದ್ಧಿಗೆ ಹಾನಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಮನೆಗೇ ದಾದಿ ಬರುತ್ತಾಳೆ, ಚಿಕಿತ್ಸೆ ಸಿಗುತ್ತದೆ. ಬರೆದುಕೊಡದಿದ್ದರೆ ಲಾವೆಲ್ ಇನ್ನೂರು ಮೈಲಿ ದೂರದ ಸರ್ಕಾರಿ ಆಶ್ರಮಕ್ಕೆ ಹೋಗಬೇಕು. ಹೋದ ತಿಂಗಳು ಅವನು ಗ್ಯಾಸ್ ಒಲೆ ತೆರೆದಿಟ್ಟು ಮರೆತಿದ್ದ. ಆರಿಸಲು ಬಂದ ಇಮಾನಿಯನ್ನು ಯಾರೋ ಕಳ್ಳಿ ಎಂದುಕೊಂಡು ಗೋಡೆಗೆ ನೂಕಿದ್ದ. ಮಗುವಿನ ಭುಜದ ಮೂಳೆ ಮುರಿದಿತ್ತು. ಆಮೇಲೆ ಗುರುತು ಹತ್ತಿ, ಅದೇ ಮಗಳನ್ನು ತಬ್ಬಿಕೊಂಡು ಸಂಜೆಯವರೆಗೂ ಅತ್ತಿದ್ದ. ಆದರೆ ಆಸ್ಪತ್ರೆಯಿಂದ ಸುದ್ದಿ ತಿಳಿದ ಸರ್ಕಾರಿ ಕಚೇರಿಯವರಿಗೆ ಅಳು ಕಾಣುತ್ತದೆಯೇ? ಕಾವಲಿಲ್ಲದೆ ಇವನು ಮನೆಯಲ್ಲಿ ಇರುವಂತಿಲ್ಲ ಎಂದುಬಿಟ್ಟರು.

ಈಗ ಈ ಕಾಗದ ಹೇಳುತ್ತಿತ್ತು: ನೆನಪಿನ ಪರೀಕ್ಷೆಯಲ್ಲಿ ಇಂದಿನ ಅಂಕಗಳಿಗೂ, ಹದಿನೆಂಟು ವರ್ಷದ ಹಿಂದೆ ವೃತ್ತಿಗೆ ಸೇರಿದಾಗಿನ ಅಂಕಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆಟದಿಂದ ಆದ ನಷ್ಟ ಕಂಡುಬರುವುದಿಲ್ಲ.

"ನಾನೇ ಹೋಗ್ತೀನಿ ಅಟ್ಲಾಂಟಾಕ್ಕೆ," ಎಂದಳು ಎರ್ಲೀನ್. "ಈಸ್ಟರ್ ಕಾರ್ಯಕ್ರಮದ ಕ್ಯಾಸೆಟ್ ಇದೆ ನನ್ನ ಹತ್ರ. ಏಳು ವರ್ಷದ ಮಗು, ಇಪ್ಪತ್ನಾಲ್ಕು ಸಾಲು ಹೇಳಿದ್ದ! ಇಪ್ಪತ್ನಾಲ್ಕು! ಆ ಡಾಕ್ಟ್ರಮ್ಮನ ಮುಖದ ಮುಂದೆ ಹಾಕಿ ತೋರಿಸ್ತೀನಿ. ನೋಡು ತಾಯಿ, ಇವನಾ ದಡ್ಡ ಅಂತ."

ಈಸ್ಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲಾವೆಲ್ ಕುರ್ಚಿ ಸರಿಸಿ ಎದ್ದು ನಿಂತ. ಎರಡೂ ಕೈ ಪಕ್ಕಕ್ಕೆ ಬಿಟ್ಟು, ಎದೆಯುಬ್ಬಿಸಿ ಶುರುಮಾಡಿದ:

"ಕಲ್ಲು ಉರುಳಿತು, ಕದವು ತೆರೆಯಿತು,
ತೋಟದ ತುಂಬಾ ಬೆಳಕು ಹರಿಯಿತು..."

ಅಲ್ಲಿಗೆ ನಿಂತ. ಕಣ್ಣು ತಾಯಿಯ ಕಡೆ ಹೋಯಿತು. ಎರ್ಲೀನ್‌ಳ ತುಟಿಗಳು ತಾವಾಗಿಯೇ ಅಲ್ಲಾಡಿದವು, ಸದ್ದಿಲ್ಲದೆ. ಅವನು ಆ ತುಟಿಗಳನ್ನು ಓದಿಕೊಂಡು ಮುಂದಿನ ಸಾಲು ಹೇಳಿದ, "ಅಳುವ ಮರಿಯಳ ಕಣ್ಣೀರು ಒರೆಸಿ..." ಮತ್ತೆ ನಿಂತ. ಮತ್ತೆ ತಾಯಿ ತುಟಿ ಆಡಿಸಿದಳು. ನಲವತ್ತು ವರ್ಷದಿಂದ ಮೌಂಟ್ ನೀಬೋ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತು ಆಕೆ ಮಾಡಿಕೊಂಡು ಬಂದ ಕೆಲಸವೇ ಅದು. ಊರಿನ ಅರ್ಧ ಮಕ್ಕಳು ಈಸ್ಟರ್ ಪದ್ಯ ಕಲಿತದ್ದು ಆಕೆಯ ಹತ್ತಿರ. ಮರೆತಾಗ ನೋಡಿದ್ದು ಆಕೆಯ ತುಟಿಯನ್ನು. ಸದ್ದು ಹೊರಗೆ ಬರದಂತೆ ಹೇಳಿಕೊಡುವುದರಲ್ಲಿ ಎರ್ಲೀನ್‌ಳನ್ನು ಮೀರಿಸಿದವರು ಈ ಜಿಲ್ಲೆಯಲ್ಲೇ ಇಲ್ಲ.

ರೊನೀಟಾ ಬಾಣಲೆಯನ್ನು ಒಲೆಯ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅಯ್ಯೋ, ಯಾರಿಗೆ ಹೇಳಲಿ, ಹೇಗೆ ಹೇಳಲಿ... ಆ ಕಾಗದದ ಸುಳ್ಳು ಎಲ್ಲಿಂದ ಬಂತೆಂದು ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

ಹದಿನೆಂಟು ವರ್ಷದ ಹಿಂದಿನ ಜುಲೈ. ಉತ್ತರದ ಒಂದು ತಂಡ ಲಾವೆಲ್‌ನನ್ನು ಆಯ್ದುಕೊಂಡಿತ್ತು, ಅದೂ ಆರನೆಯ ಸುತ್ತಿನಲ್ಲಿ, ಒಳ್ಳೊಳ್ಳೆಯವರನ್ನೆಲ್ಲ ಆರಿಸಿ ಮುಗಿದ ಮೇಲೆ. ಚೆಂಡು ಹೊತ್ತು ಓಡುವವರ ಸಾಲಿನಲ್ಲಿ ಅವನದು ಮೂರನೆಯ ಹೆಸರು. ಒಂದು ವಾರ ಪೆಟ್ಟು ತಿಂದು ಕೂತರೆ ನಾಲ್ಕನೆಯವನು ಬರುತ್ತಾನೆ, ಆಮೇಲೆ ಇವನ ಹೆಸರು ಕೇಳುವವರಿಲ್ಲ. ಓಡುವವನ ವೃತ್ತಿಯೆಂದರೆ ಅಷ್ಟೇ. ಮೂರು ವರ್ಷ ನಡೆದರೆ ಪುಣ್ಯ. ರೊನೀಟಾ ಆಗ ಐದು ತಿಂಗಳ ಬಸುರಿ. ಬಾಡಿಗೆಯ ಮನೆ, ನೆಲದ ಮೇಲೆ ಹಾಸಿಗೆ.

ತಂಡದಲ್ಲಿ ಹನ್ನೊಂದು ವರ್ಷ ಆಡಿದ ಹಿರಿಯನೊಬ್ಬ ಹುಡುಗರನ್ನೆಲ್ಲ ಕೂರಿಸಿಕೊಂಡು ಬುದ್ಧಿ ಹೇಳಿದ್ದ. ಬೇಸಿಗೆಯಲ್ಲಿ ಎಲ್ಲರಿಗೂ ಒಂದು ನೆನಪಿನ ಪರೀಕ್ಷೆ ಮಾಡುತ್ತಾರೆ. ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಅದೇ ಪರೀಕ್ಷೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿದ್ದರೆ ಆಡಲು ಬಿಡುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲೇ ಕೆಡಿಸಿಡಿ, ಅಷ್ಟೇ!

ಮನೆಗೆ ಬಂದು ಲಾವೆಲ್ ನಗುತ್ತ ಹೇಳಿದ: "ಎಲ್ಲರಿಗೂ ಸುಲಭ ರೋನಿ. ನನಗೇ ಕಷ್ಟ. ಒಂದ್ಸಲ ಕೇಳಿದ್ದು ಅಂಟ್ಕೊಂಡ್ಬಿಡುತ್ತೆ. ಮರೆಯೋಕೆ ನಂಗೆ ಬರಲ್ವಲ್ಲೇ!"

"ಬರದೇ ಏನು? ನಾನು ಕಲಿಸ್ತೀನಿ ಬಾ," ಎಂದಳು ರೊನೀಟಾ.

ದಿನಸಿ ಚೀಟಿಗಳ ಹಿಂದೆ ಐದೈದು ಪದ ಬರೆದಳು. ಅಡುಗೆಮನೆಯಲ್ಲಿ ಎದುರುಬದುರು ಕೂತು ನಾಲ್ಕು ದಿನ ಪಾಠ. "ಐದು ಹೇಳಿದ್ರೆ ಮೂರು ಹೇಳು. ಎರಡು ಮರಿ. ಪಟಕ್ಕಂತ ಬಿಟ್ಬಿಡಬೇಡ, ಗೊತ್ತಾಗುತ್ತೆ. ತಲೆ ಕೆರ್ಕೋ, ಮೇಲೆ ನೋಡು... ಹಾಂ, ಹಂಗೆ! ಏನ್ ನಟನೆ ಕಣೋ ನಿಂದು!" ಅವಳು ನಕ್ಕ ರಭಸಕ್ಕೆ ಹೊಟ್ಟೆಯಲ್ಲಿದ್ದ ಮಗು ಒದ್ದಿತ್ತು. ಪರೀಕ್ಷೆ ಮುಗಿಸಿ ಬಂದ ದಿನ ಅವನು ಅವಳನ್ನು ಎತ್ತಿ ಸುತ್ತಿಸಿದ. "ಫಸ್ಟ್ ಕ್ಲಾಸಾಗಿ ಫೇಲಾದೆ ರೋನಿ!" ಆ ಸಂಜೆ ಇಬ್ಬರೂ ಹೋಗಿ ಕರಿದ ಸೀಗಡಿ ತಿಂದು ಸಂಭ್ರಮಪಟ್ಟರು. ಸಂಭ್ರಮ!

ಅಕ್ಟೋಬರಿನಲ್ಲಿ ಮೊದಲ ಪೆಟ್ಟು. ಮಂಗಳವಾರ ಪರೀಕ್ಷೆ ಮಾಡಿದರು. ಬೇಸಿಗೆಯಲ್ಲಿ ಇದ್ದ ಹಾಗೇ ಇದ್ದಾನೆ, ಆಡಬಹುದು ಎಂದರು. ಭಾನುವಾರ ಆಡಿದ. ಏಳು ವರ್ಷದಲ್ಲಿ ಇಂಥವು ಹನ್ನೊಂದಾದವು. ಹನ್ನೊಂದು ಸಲವೂ ಆ ಕಳ್ಳ ಪರೀಕ್ಷೆಯೇ ಅವನನ್ನು ಮೈದಾನಕ್ಕೆ ತಳ್ಳಿತು. ನಾಲ್ಕನೆಯ ಪೆಟ್ಟಿನ ನಂತರ ಅವನು ಹಾಲಿನ ಡಬ್ಬಿಯನ್ನು ಬೂಟಿನ ಬೀರುವಿನಲ್ಲಿಟ್ಟ. ಏಳನೆಯದರ ನಂತರ ದಿನಾ ಹೋಗುವ ಅಂಗಡಿಯಿಂದ ಮನೆಗೆ ದಾರಿ ತಿಳಿಯದೆ ಕಾರಿನಲ್ಲೇ ಕೂತು ಫೋನು ಮಾಡಿದ. 'ಸಾಕು, ಬಿಟ್ಟುಬಿಡು' ಎಂದು ಹೇಳಲು ಅವಳು ಒಂದು ದಿನ ಬಾಯಿ ತೆರೆದದ್ದೂ ಉಂಟು. ಅದೇ ದಿನ ಅವನು ಹೊಸ ಕರಾರಿಗೆ ಸಹಿ ಹಾಕಿ, ಇನ್ನು ಅಮ್ಮ ಶಾಲೆಯ ಕ್ಯಾಂಟೀನಿನಲ್ಲಿ ನಿಂತು ಬಡಿಸಬೇಕಾಗಿಲ್ಲ ಎಂದು ಕುಣಿಯುತ್ತ ಬಂದಿದ್ದ. ಅವಳು ಬಾಯಿ ಮುಚ್ಚಿಕೊಂಡಳು. ಕೊನೆಗೆ ಮಂಡಿ ಸೋತಿತು. ಒಂದು ಮಂಗಳವಾರ ಬೆಳಿಗ್ಗೆ ಫೋನು ಬಂತು, ಆಟದ ತಂತ್ರಗಳಿರುವ ತಂಡದ ಪುಸ್ತಕ ವಾಪಸು ಕೊಟ್ಟು ಹೋಗು ಎಂದು. ಮೂವತ್ತು ತುಂಬಿರಲಿಲ್ಲ, ವೃತ್ತಿ ಮುಗಿದಿತ್ತು.

ರೊನೀಟಾ ಕಣ್ಣೊರೆಸಿಕೊಂಡು ಒಳಗೆ ಬಂದಳು. ಲಾವೆಲ್ ಪದ್ಯ ಮುಗಿಸಿ ಕೂತಿದ್ದ. ಎರ್ಲೀನ್ ಕ್ಯಾಸೆಟ್ಟು ಯಾವ ಪೆಟ್ಟಿಗೆಯಲ್ಲಿದೆ ಎಂದು ಇಮಾನಿಗೆ ವಿವರಿಸುತ್ತಿದ್ದಳು.

"ಮಿಸ್ ಎರ್ಲೀನ್, ಆ ಕ್ಯಾಸೆಟ್ಟು ಬೇಡ," ಎಂದಳು ರೊನೀಟಾ. "ಆ ಕಾಗದದಲ್ಲಿರೋ ಸುಳ್ಳು ಡಾಕ್ಟ್ರದ್ದಲ್ಲ... ನಂದು."

"ಏನಂದೆ?"

ರೊನೀಟಾ ಹೇಳಿದಳು. ದಿನಸಿ ಚೀಟಿಯಿಂದ ಹಿಡಿದು ಸೀಗಡಿಯ ತನಕ ಒಂದನ್ನೂ ಬಿಡದೆ, ನೆಲ ನೋಡುತ್ತ ಹೇಳಿದಳು. ಇಮಾನಿ ಬಾಯಿಗೆ ಕೈ ಹಿಡಿದುಕೊಂಡಳು. ಎಲ್ಲಾ ಮುಗಿದ ಮೇಲೆ ಎರ್ಲೀನ್ ನಿಧಾನವಾಗಿ ಎದ್ದಳು.

"ಮಗು ಮಾತು ಕಲಿತ ದಿನದಿಂದ ನಾನು ಅವನಿಗೆ ನೆನಪಿಟ್ಕೊಳ್ಳೋದನ್ನ ಕಲಿಸ್ದೆ," ಎಂದಳು. "ಪಾತ್ರೆ ತೊಳೀತಾ ಕಲಿಸ್ದೆ, ಬಟ್ಟೆ ಒಣಗಿಹಾಕ್ತಾ ಕಲಿಸ್ದೆ. ಸಾಲಿಗೆ ಸಾಲು... ನೀನು... ನೀನು ಅವನಿಗೆ ಮರೆಯೋದನ್ನ ಕಲಿಸಿದ್ಯಾ? ಕೂತ್ಕೊಂಡು? ನಗ್ತಾ? ನಿನ್ನ ಕೈ ಸೇದಿಹೋಗಲಿಲ್ವೇನೇ!"

"ಬೈರಿ ಮಿಸ್ ಎರ್ಲೀನ್. ಎಷ್ಟು ಬೈದ್ರೂ ನಂಗೆ ಕಮ್ಮಿನೇ."

"ಬೈಯೋಕೆ ನೀನು ನಂಗೆ ಯಾರು? ಇವತ್ತಿಂದ ನೀನು ನಂಗೆ ಯಾರೂ ಅಲ್ಲ!"

ಲಾವೆಲ್ ಗಾಬರಿಯಿಂದ ಇಬ್ಬರನ್ನೂ ನೋಡಿದ. "ಅಮ್ಮ, ರೋನಿನ ಬೈಬೇಡ," ಎಂದ. "ಅವಳು ಚೆನ್ನಾಗೇ ಹೇಳ್ಕೊಟ್ಳು. ನಾನು ಫಸ್ಟ್ ಕ್ಲಾಸು."

ಎರ್ಲೀನ್ ಆ ಮಾತು ಕೇಳಲಾರದೆ ಹೊರಟೇಹೋದಳು. ಬಿಳಿ ಹ್ಯಾಟು ಬಾಗಿಲ ಚೌಕಟ್ಟಿಗೆ ತಗುಲಿ ಕೆಳಗೆ ಬಿತ್ತು. ಆಕೆ ತಿರುಗಿ ಕೂಡ ನೋಡಲಿಲ್ಲ. ಇಮಾನಿ ಅದನ್ನು ಎತ್ತಿಟ್ಟಳು.

ಮೂರು ವಾರ ಅತ್ತೆ ಇತ್ತ ಸುಳಿಯಲಿಲ್ಲ. ನಮ್ಮ ಪೆಲ್ಟನ್ನಿನಲ್ಲಿ ಇಂಥ ಸುದ್ದಿ ಬಚ್ಚಿಡಲು ಆಗುತ್ತದೆಯೇ? ಚರ್ಚಿನಲ್ಲಿ ರೊನೀಟಾ ಕೂತ ಬೆಂಚಿನಿಂದ ಎರ್ಲೀನ್ ಎದ್ದು ಆಚೆ ಕೂತಳೆಂಬುದು ಸೋಮವಾರ ಬೆಳಿಗ್ಗೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ರೊನೀಟಾ ಹಿಂಜರಿಯಲಿಲ್ಲ. ಮನೆಯಲ್ಲಿ ಹೇಳಿದ್ದನ್ನೇ ಕಾಗದದ ಮೇಲೆ ಬರೆದು, ಸಹಿ ಹಾಕಿ ಅಟ್ಲಾಂಟಾಕ್ಕೆ ಕಳಿಸಿದಳು. ಮೊದಲು ಕಾಗದ ಬರೆದಿದ್ದ ಡಾಕ್ಟರ್ ಹೊಲ್ಕೂಮ್ ತಾವೇ ಫೋನು ಮಾಡಿದರು. ಹಳೆಯ ಪರೀಕ್ಷೆಯನ್ನು ಬದಿಗಿಟ್ಟು ಹೊಸದಾಗಿ ನೋಡುತ್ತೇನೆ, ಈಸ್ಟರ್ ಆದ ವಾರ ಕರೆದುಕೊಂಡು ಬನ್ನಿ ಎಂದರು. ಆದರೆ ಆಟಕ್ಕೆ ಮುಂಚೆ ಅವನ ನೆನಪು ಹೇಗಿತ್ತು, ಮೊದಲ ಪೆಟ್ಟು ಯಾವಾಗ ಬಿತ್ತು ಎಂದು ಬಲ್ಲ ಇನ್ನೊಬ್ಬರ ಹೇಳಿಕೆ ಬೇಕು. ಹೆಂಡತಿಯ ಮಾತೊಂದೇ ಸಾಲದು.

ಬಲ್ಲವಳು ಒಬ್ಬಳೇ. ಅವಳ ಮನೆಯ ಬಾಗಿಲು ರೊನೀಟಾಗೆ ಮುಚ್ಚಿತ್ತು. ಇಮಾನಿ ಎರಡು ಸಲ ಹೋಗಿ ಬಂದಳು. "ಅಜ್ಜಿ ಏನೂ ಮಾತಾಡಲ್ಲ ಅಮ್ಮ. ಸುಮ್ನೆ ಆ ಓಟದ ವಿಡಿಯೋ ಹಾಕ್ಕೊಂಡು ಕೂತಿರ್ತಾಳೆ," ಎಂದಳು.

ಆ ಓಟವೆಂದರೆ ಯಾವುದು ಎಂದು ಪೆಲ್ಟನ್ನಿನಲ್ಲಿ ಯಾರೂ ಕೇಳುವುದಿಲ್ಲ. ಶುಕ್ರವಾರದ ಪಂದ್ಯದ ಹೊತ್ತಿನಲ್ಲಿ ಸತ್ತರೆ ಹೊರಲು ನಾಲ್ಕು ಜನ ಸಿಗದ ಊರು ನಮ್ಮದು. ಲಾವೆಲ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಸೋಲುತ್ತಿದ್ದ ಆಟದಲ್ಲಿ, ಎಪ್ಪತ್ತೊಂದು ಗಜ ಒಬ್ಬನೇ ಓಡಿದ ಆ ಓಟವನ್ನು ಕ್ಷೌರದಂಗಡಿಯಲ್ಲಿ ಇಂದಿಗೂ ಹೆಜ್ಜೆಹೆಜ್ಜೆಯಾಗಿ ಹೇಳುತ್ತಾರೆ. ಅದನ್ನು ನೋಡಿಯೇ ಕಾಲೇಜಿನವರು ಅವನನ್ನು ಕರೆದದ್ದು. ಲಾವೆಲ್ ಮಾತ್ರ ಆ ಮಾತು ಬಂದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದ. ಎಷ್ಟು ವಿನಯ ನೋಡಿ ಹುಡುಗನಿಗೆ ಎಂದು ಜನ ಮೆಚ್ಚುತ್ತಿದ್ದರು.

ಶುಭ ಶುಕ್ರವಾರದ ಬೆಳಿಗ್ಗೆ ಎರ್ಲೀನ್ ಬಂದಳು. ಮುಂಬಾಗಿಲಿನಿಂದಲ್ಲ, ಹಿಂದಿನ ಮೆಟ್ಟಿಲಿನಿಂದ. ರೊನೀಟಾ ಗೆಣಸು ಸುಲಿಯುತ್ತ ಕೂತಿದ್ದಳು. ಅತ್ತೆಯನ್ನು ಕಂಡು ಗಡಬಡಿಸಿ ಎದ್ದಳು.

"ಕೂತ್ಕೋ, ಕೂತ್ಕೋ," ಎಂದಳು ಎರ್ಲೀನ್. ಮೂರು ವಾರದಲ್ಲಿ ಮುಖ ಇಳಿದುಹೋಗಿತ್ತು. ತಾನೂ ಒಂದು ಚಾಕು ತೆಗೆದುಕೊಂಡು ಎದುರು ಕೂತಳು. ಎರಡು ಗೆಣಸು ಸುಲಿದು ಪಕ್ಕಕ್ಕಿಟ್ಟಳು.

"ಆ ಓಟ ಗೊತ್ತಲ್ಲ ನಿಂಗೆ?"

"ಗೊತ್ತು ಮಿಸ್ ಎರ್ಲೀನ್."

"ಅದಕ್ಕೆ ಹತ್ತು ನಿಮಿಷ ಮುಂಚೆ ಅವನು ಬಿದ್ದಿದ್ದ. ಊರಿನವರು ಅದನ್ನ ಹೇಳಲ್ಲ, ಓಟ ಮಾತ್ರ ಹೇಳ್ತಾರೆ. ಇಬ್ಬರು ಬಂದು ತಲೆಗೆ ತಲೆ ಕೊಟ್ರು. ಎದ್ದೇಳಲೇ ಇಲ್ಲ ಮಗು... ನಾನು ಬೇಯಿಸಿದ ಕಡಲೇಕಾಯಿ ಮಾರ್ತಾ ಇದ್ದವಳು, ಡಬ್ಬಿ ಬಿಸಾಕಿ ಬೇಲಿ ಹತ್ರ ಓಡಿದೆ. ಅವನನ್ನ ಬೆಂಚಿನ ಮೇಲೆ ಕೂರಿಸಿ ಕೋಚು ಎದುರಿಗೆ ಕೂತು ಕೇಳ್ತಿದ್ದ. ಇವತ್ತು ಯಾವ ವಾರ? ಯಾವ ಊರಿನ ಮೇಲೆ ಆಡ್ತಿದೀವಿ? ನಿಮ್ಮಮ್ಮನ ಹೆಸರೇನು?" ಎರ್ಲೀನ್ ಚಾಕು ಕೆಳಗಿಟ್ಟಳು. "ಅವನಿಗೆ ಗೊತ್ತಿರಲಿಲ್ಲ ರೊನೀಟಾ. ನನ್ನ ಹೆಸರೂ ಗೊತ್ತಿರಲಿಲ್ಲ. ಕೋಚಿನ ಭುಜದ ಮೇಲಿಂದ ನನ್ನ ಕಡೆ ನೋಡ್ದ... ಈಸ್ಟರ್‌ನಲ್ಲಿ ನೋಡೋ ಹಾಗೆ."

ರೊನೀಟಾಳ ಕೈ ನಿಂತಿತು. "ಅಯ್ಯೋ ದೇವ್ರೇ..."

"ಹೇಳ್ಕೊಟ್ಟೆ ಕಣೇ. ಬೇಲಿ ಈ ಕಡೆ ನಿಂತು, ತುಟಿಯಲ್ಲೇ. ಶುಕ್ರವಾರ ಅಂತ. ಊರ ಹೆಸರು. ನನ್ನ ಹೆಸರು... ಎರ್ಲೀನ್ ಅಂತ. ಒಂದೊಂದೇ ಓದ್ಕೊಂಡು ಹೇಳ್ದ. ಕೋಚು ಬೆನ್ನು ತಟ್ಟಿ, ಹೋಗು ಅಂದ. ಕಾಲೇಜಿನವರು ಆ ಕಡೆ ಕೂತಿದ್ರು. ಹದಿನೈದು ವರ್ಷ ಇನ್ನೊಬ್ಬರ ಮಕ್ಕಳಿಗೆ ಬಡಿಸಿ ಬಡಿಸಿ ನನ್ನ ಕಾಲು ಊದಿತ್ತು. ಇವತ್ತೊಂದು ದಿನ ಆಡಿಬಿಡಲಿ ಅನ್ಸಿತು... ಒಂದೇ ದಿನ." ಆಕೆ ಮುಂಗೈಯಿಂದ ಮೂಗು ಒರೆಸಿಕೊಂಡಳು. "ಆ ಎಪ್ಪತ್ತೊಂದು ಗಜ ಅವನಿಗೆ ನೆನಪೇ ಇಲ್ಲ. ಮಾರನೇ ದಿನ ನನ್ನನ್ನ ಕೇಳ್ದ, ಅಮ್ಮ, ನಿನ್ನೆ ನಾವು ಗೆದ್ವಾ ಅಂತ. ಊರೆಲ್ಲ ನೆನಪಿಟ್ಕೊಂಡಿರೋ ಓಟ, ಓಡಿದವನಿಗೇ ಗೊತ್ತಿಲ್ಲ."

"ಮಿಸ್ ಎರ್ಲೀನ್..."

"ಇಷ್ಟು ವರ್ಷ ಎಲ್ಲಾ ನಿನ್ನ ತಲೆಗೆ ಕಟ್ಟಿದೆ. ನಿನ್ನ ಈಜುಕೊಳ, ನಿನ್ನ ಒಡವೆ... ಬೈದಷ್ಟೂ ನಂದು ನಂಗೆ ಮರೆತಿರ್ತಿತ್ತು. ನೀನು ಮೊನ್ನೆ ಎಲ್ಲರ ಮುಂದೆ ಹೇಳಿದ್ಯಲ್ಲ, ನಂಗೆ ಅಷ್ಟು ಧೈರ್ಯ ಇರಲಿಲ್ಲ ಕಣೇ. ಮೂರು ವಾರ ಬೇಕಾಯ್ತು. ಬರ್ಕೋ. ಡಾಕ್ಟ್ರಿಗೆ ಬರ್ಕೋ. ಮೊದಲ್ನೇ ಪೆಟ್ಟು ಹೈಸ್ಕೂಲಲ್ಲೇ ಬಿತ್ತು, ಅವರಮ್ಮ ನೋಡ್ತಾ ನಿಂತಿದ್ಳು ಅಂತ ಬರ್ಕೋ!"

ರೊನೀಟಾ ಗೆಣಸಿನ ಸಿಪ್ಪೆಯ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರೂ ಬಾಯಿಬಿಟ್ಟು ಅತ್ತರು. ಹದಿನೆಂಟು ವರ್ಷ ಒಬ್ಬರನ್ನೊಬ್ಬರು ಚುಚ್ಚಿಕೊಂಡು ಬಂದ ಇಬ್ಬರು ಹೆಂಗಸರಿಗೆ ಕೊನೆಗೆ ಸಮಾನವಾಗಿ ಸಿಕ್ಕಿದ್ದು ಒಂದೇ ತಪ್ಪು! ಒಳಗಿನಿಂದ ಲಾವೆಲ್ ಬಂದು ಬಾಗಿಲಲ್ಲಿ ನಿಂತು ನೋಡಿದ. "ಈರುಳ್ಳಿ ಹೆಚ್ತಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದ.

ಈಸ್ಟರ್ ಕಳೆದ ಗುರುವಾರ ನಾಲ್ವರೂ ಅಟ್ಲಾಂಟಾಕ್ಕೆ ಹೊರಟರು. ಕಾರು ಓಡಿಸಿದ್ದು ಇಮಾನಿ; ಅವಳ ಭುಜ ಅಷ್ಟರಲ್ಲಿ ವಾಸಿಯಾಗಿತ್ತು. ಅಲ್ಲಿ ಅವಳನ್ನು ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಹೊಸ ಕೋಣೆಯೆಂದರೆ ಲಾವೆಲ್ ಬೆದರುತ್ತಾನೆ, ಒಬ್ಬನೇ ಇದ್ದರೆ ಎದ್ದು ಓಡುತ್ತಾನೆ. ಹಾಗಾಗಿ ತಾಯಿ, ಹೆಂಡತಿ ಇಬ್ಬರೂ ಗೋಡೆಯ ಪಕ್ಕ ಕೂರಬಹುದು ಎಂದು ಡಾಕ್ಟರ್ ಹೊಲ್ಕೂಮ್ ಒಪ್ಪಿದರು. ನರೆಗೂದಲಿನ, ಮೆಲುಮಾತಿನ ಹೆಂಗಸು. "ಒಂದೇ ಷರತ್ತು," ಎಂದರು. "ಏನೇ ಆದರೂ ನೀವು ಸಹಾಯ ಮಾಡಬಾರದು. ಇಂದು ಅವರು ಇರೋ ಹಾಗೇ ನನಗೆ ಕಾಣಬೇಕು. ನೀವು ಸಹಾಯ ಮಾಡಿದರೆ ಅವರಿಗೆ ಸಹಾಯ ಸಿಗಲ್ಲ, ಗೊತ್ತಾಯ್ತಲ್ಲ?"

ಇಬ್ಬರೂ ತಲೆಯಾಡಿಸಿದರು. ಎರ್ಲೀನ್ ಬಿಳಿ ಉಡುಪಿನಲ್ಲೇ ಬಂದಿದ್ದಳು. ಕೈಯಲ್ಲಿ ಮಡಿಸಿದ ಕರವಸ್ತ್ರ.

"ಲಾವೆಲ್, ಈಗ ಐದು ಪದ ಹೇಳ್ತೀನಿ. ಆಮೇಲೆ ಕೇಳ್ತೀನಿ, ನೆನಪಿಟ್ಕೊಳ್ಳಿ," ಎಂದರು ಡಾಕ್ಟರು. "ಏಣಿ. ನಿಂಬೆಹಣ್ಣು. ಕಂಬಳಿ. ಗಂಟೆ. ಸೇತುವೆ."

ಅವನು ಒಂದೊಂದನ್ನೂ ಹಿಂದೆಯೇ ಹೇಳಿದ. ಆಮೇಲೆ ಚಿತ್ರ ತೋರಿಸಿದರು, ಲೆಕ್ಕ ಕೇಳಿದರು, ಗಡಿಯಾರ ಬರೆಯಲು ಹೇಳಿದರು. ಅವನು ಗಡಿಯಾರದ ಅಂಕಿಗಳನ್ನೆಲ್ಲ ಒಂದೇ ಪಕ್ಕಕ್ಕೆ ಬರೆದು, ಮುಗಿಯಿತೆಂದು ಪೆನ್ಸಿಲು ಇಟ್ಟ. ರೊನೀಟಾ ಕಣ್ಣು ಮುಚ್ಚಿಕೊಂಡಳು.

"ಆಗ ಐದು ಪದ ಹೇಳಿದ್ದೆ. ಯಾವ್ಯಾವುದು ನೆನಪಿದೆ, ಹೇಳಿ ನೋಡೋಣ."

ಲಾವೆಲ್ ಮುಂದಕ್ಕೆ ಬಾಗಿ ಯೋಚಿಸಿದ. ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿ, ಡಾಕ್ಟರಿಗೆ ಕೇಳದಂತೆ ಕೈ ಅಡ್ಡ ಹಿಡಿದು, ಕಣ್ಣು ಮಿಟುಕಿಸಿ ಹೆಂಡತಿಯನ್ನು ಕೇಳಿದ:

"ರೋನಿ... ಈ ಸಲ ಎಷ್ಟು ಮರೀಲಿ? ಎರಡಾ?"

ಡಾಕ್ಟರ ಪೆನ್ನು ಅಲ್ಲೇ ನಿಂತಿತು. ರೊನೀಟಾ ಅವರ ಮುಖ ನೋಡಿದಳು. ಅವರು ಮೆಲ್ಲಗೆ ತಲೆಯಾಡಿಸಿ, ಉತ್ತರಿಸು ಎಂದರು.

"ಒಂದೂ ಬೇಡ ರಾಜ," ಎಂದಳು ರೊನೀಟಾ. "ಇನ್ಮೇಲೆ ಒಂದೂ ಮರೀಬೇಡ. ನೆನಪಿರೋದನ್ನೆಲ್ಲಾ ಹೇಳ್ಬಿಡು."

"ಎಲ್ಲಾನೂ?" ಅವನ ಮುಖ ಅರಳಿತು. ದೊಡ್ಡ ಭಾರ ಇಳಿಸಿದವನಂತೆ ಉಸಿರು ಬಿಟ್ಟ. ಎದ್ದು ನಿಂತು, ಕೈ ಎರಡೂ ಪಕ್ಕಕ್ಕೆ ಬಿಟ್ಟು, ಎದೆಯುಬ್ಬಿಸಿದ.

"ಗಂಟೆ," ಎಂದ.

ಆಮೇಲೆ ಏನೂ ಬರಲಿಲ್ಲ. ತುಟಿ ಒದ್ದೆ ಮಾಡಿಕೊಂಡ. ಮತ್ತೆ "ಗಂಟೆ" ಎಂದ. ಹಣೆಯ ಮೇಲೆ ಬೆವರು ಮೂಡಿತು. ನಾಚಿಕೆಯಿಂದ ಕಿವಿ ಕೆಂಪಾಯಿತು. ಮೂವತ್ಮೂರು ವರ್ಷದ ಹಿಂದೆ ಮಾಡಿದ್ದನ್ನೇ ಮಾಡಿದ ಆಗ. ಮುಂದಿನ ಬೆಂಚನ್ನು ಹುಡುಕುವವನಂತೆ ಕಣ್ಣಾಡಿಸಿ, ತಾಯಿಯ ಮುಖದ ಮೇಲೆ ನಿಲ್ಲಿಸಿದ.

ಏಣಿ, ನಿಂಬೆಹಣ್ಣು, ಕಂಬಳಿ, ಸೇತುವೆ. ನಾಲ್ಕೂ ಎರ್ಲೀನ್‌ಳ ಬಾಯಲ್ಲೇ ಇದ್ದವು. ತುಟಿಗಳು ನಡುಗಿದವು. ಎಂದೂ ಅವನನ್ನು ನಡುವೆ ಕೈಬಿಟ್ಟವಳಲ್ಲ ಆಕೆ. ಚರ್ಚಿನಲ್ಲಿ ಬಿಟ್ಟಿರಲಿಲ್ಲ, ಬೇಲಿಯ ಹತ್ತಿರವೂ ಬಿಟ್ಟಿರಲಿಲ್ಲ. ಒಂದೇ ಒಂದು ಪದ, ಸದ್ದಿಲ್ಲದೆ... ಮಗನ ಮುಖದ ಆ ನಾಚಿಕೆ ಅಳಿಸಲು ಅಷ್ಟು ಸಾಕು. ಆದರೆ ಆ ಒಂದು ಪದ ಅವನನ್ನು ಇನ್ನೂರು ಮೈಲಿ ಆಚೆ ಕಳಿಸಿಬಿಡಬಹುದು! ಎರ್ಲೀನ್ ಕರವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. "ಬೇಡ ಅಮ್ಮ... ತಡ್ಕೊಳ್ಳಿ ಅಮ್ಮ," ಎಂದು ರೊನೀಟಾ ಆಕೆಯ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು.

ಲಾವೆಲ್ ಕಾದ. ತುಂಬಾ ಹೊತ್ತು, ನಂಬಿಕೆಯಿಂದ ಕಾದ.

"ಸಾಕು, ಕೂತ್ಕೊಳ್ಳಿ ಲಾವೆಲ್," ಎಂದರು ಡಾಕ್ಟರ್ ಹೊಲ್ಕೂಮ್. ಅವರ ಧ್ವನಿಯೂ ಒದ್ದೆಯಾಗಿತ್ತು. ಗೋಡೆಯ ಕಡೆ ತಿರುಗಿ, "ಇವರು ಮನೇಲೇ ಇರ್ಲಿ. ನಾನು ಬರ್ಕೊಡ್ತೀನಿ," ಎಂದರು.

ಲಾವೆಲ್‌ಗೆ ಆ ಮಾತು ತಲುಪಲಿಲ್ಲ. ಅವನು ಇನ್ನೂ ತಾಯಿಯನ್ನೇ ನೋಡುತ್ತಿದ್ದ. ಕೊನೆಗೆ ಮರುಕದಿಂದ ತಲೆಯಾಡಿಸಿ, ಕುರ್ಚಿಯಲ್ಲಿ ಕೂತು, ಡಾಕ್ಟರ ಕಡೆ ಬಾಗಿ, ಆಕೆಗೆ ಕೇಳಿ ನೋವಾಗದಿರಲೆಂದು ತೀರಾ ಮೆಲ್ಲಗೆ ಹೇಳಿದ:

"ಅಮ್ಮಂಗೂ ಮರ್ತುಹೋಗಿದೆ, ಪಾಪ. ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತಲ್ಲ."